ಗೌರವಧನ ಬೇಡ, ಒಪ್ಪಂದ ಬೇಕು

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡೋರಿಗೆ ಕೊಡೋದು ಸಂಬಳ. ಅಡುಗೆ ಮಾಡೋರಿಗೆ ಕೊಡೋದು ‘ಗೌರವಧನ’. ಈ ಪದ ಕೇಳಿದಾಗಲೆಲ್ಲ ಬಿಸಿಯೂಟದ ಅಡುಗೆ ಮಾಡೋ ನಮ್ಮವ್ವ ನಗ್ತಾಳೆ: “ಗೌರವ ಅವರೇ ಇಟ್ಕೊಳ್ಳಲಿ, ಧನ ಸರಿಯಾಗಿ ಕೊಡ್ಲಿ ಸಾಕು.”

ಗೆಳೆಯರೇ, ಇದು ಬರೀ ಪದದ ಆಟ ಅಲ್ಲ. ಸಂಬಳ ಅಂದ್ರೆ ನೀವು ನೌಕರರು. ಗೌರವಧನ ಅಂದ್ರೆ ಸ್ವಯಂಸೇವಕರು. ಕನಿಷ್ಠ ವೇತನ ಕೇಳೋ ಹಾಗಿಲ್ಲ, ಮಾತುಕತೆಗೆ ಕೂರಿಸೋರಿಲ್ಲ. 2009ರಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ಅದರ ಮೇಲೆ ರಾಜ್ಯ ಮನಸ್ಸು ಮಾಡಿ ಸೇರಿಸಿದಷ್ಟು. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರು ಅಂತ ಗುರುತಿಸಿ, ಕನಿಷ್ಠ ವೇತನ ಕೊಡಿ ಅಂತ ಶಿಫಾರಸು ಮಾಡ್ತು. 2020ರಲ್ಲಿ ಅಲಹಾಬಾದ್ ಹೈಕೋರ್ಟ್, ಈ 1,000 ರೂಪಾಯಿಗೆ ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ್ಲೇ ಹೇಳ್ತು. ಒಲೆ ಮುಂದೆ ಕೂತೋರು ಇವತ್ತಿಗೂ ಸ್ವಯಂಸೇವಕರೇ.

2023ರ ಮಾರ್ಚ್ 1 ನೆನಪಿದೆಯಾ? ಶಿಕ್ಷಕರೂ ಸೇರಿ ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ್ರು. ಅದೇ ದಿನ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಣೆ ಆಯ್ತು. ನನಗೆ ಹೊಟ್ಟೆಕಿಚ್ಚಿಲ್ಲ, ಅದು ಸಂಘಟನೆಯ ಶಕ್ತಿ. ಆದರೆ ಅದೇ ಶಾಲೆಯ ಅಡುಗೆಯವರು ಫ್ರೀಡಂ ಪಾರ್ಕಿನಲ್ಲಿ ಕೂತರೆ ಸಿಗೋದು ಏನು? ಯಾರೋ ಬಂದು ಮನವಿಪತ್ರ ಇಸ್ಕೊಂಡು ಹೋಗ್ತಾರೆ. ಮನವಿಗೆ ಉತ್ತರ ಕೊಡಲೇಬೇಕು ಅಂತಿಲ್ಲ. ಒಪ್ಪಂದಕ್ಕಾದರೆ ಎರಡೂ ಕಡೆ ಸಹಿ ಇರುತ್ತೆ, ಮುರಿದರೆ ಕೇಳೋ ಹಕ್ಕಿರುತ್ತೆ.

ಬಾಬಾಸಾಹೇಬರು ಈ ವ್ಯತ್ಯಾಸ ಅರಿತಿದ್ದರು. ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ, 1943ರಲ್ಲಿ, ಮಾಲೀಕರು ಕಾರ್ಮಿಕ ಸಂಘಗಳಿಗೆ ಮಾನ್ಯತೆ ಕೊಡಲೇಬೇಕು ಅನ್ನೋ ತಿದ್ದುಪಡಿ ಮಸೂದೆ ತಂದರು. 1947ರಲ್ಲಿ ಅಂಥ ಕಾಯ್ದೆ ಪಾಸಾಯ್ತು, ಜಾರಿಗೆ ಮಾತ್ರ ಬರಲಿಲ್ಲ. ಸಾಮೂಹಿಕ ಚೌಕಾಸಿಯ ಹಕ್ಕಿನ ಬಗ್ಗೆ ಇರೋ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 98ನೇ ಒಡಂಬಡಿಕೆಯನ್ನ ಭಾರತ ಇನ್ನೂ ಅನುಮೋದಿಸಿಲ್ಲ.

ನಮ್ಮ ಕಾರ್ಮಿಕ ಸಂಘಗಳ ಕಾಮ್ರೇಡುಗಳಿಗೂ ಒಂದು ಮಾತು. ಬೇಡಿಕೆ ಪಟ್ಟಿ ರೂಪಾಯಿಯಲ್ಲೇ ಮುಗಿಯಬಾರದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಅವ್ವ ಕೆಲಸಕ್ಕೆ ಸೇರಿದಾಗ ಊರಿನ ಕೆಲವರು ಮಕ್ಕಳನ್ನ ಊಟಕ್ಕೆ ಕೂರಿಸಲಿಲ್ಲ. ಶಾಲೆಯವರು ಕಂಡುಕೊಂಡ ‘ಪರಿಹಾರ’ ಏನು ಗೊತ್ತಾ? ಪಾತ್ರೆ ತೊಳೆಯೋದು, ಸೌದೆ ಹೊರೋದು ಅವ್ವ. ಸೌಟು ಇನ್ನೊಬ್ಬರ ಕೈಗೆ. ದುಡ್ಡು ಇಬ್ಬರಿಗೂ ಒಂದೇ, ಹಾಗಾಗಿ ಅದು ಯಾವ ಲೆಕ್ಕದಲ್ಲೂ ಅನ್ಯಾಯ ಅನ್ನಿಸಿಕೊಳ್ಳಲಿಲ್ಲ. ಜಾತಿಯ ಕಾರಣಕ್ಕೆ ಯಾರನ್ನೂ ಒಲೆ ಮುಂದಿಂದ ಎಬ್ಬಿಸೋ ಹಾಗಿಲ್ಲ, ದೂರು ಬಂದರೆ ಕ್ರಮ ದೂರು ಕೊಟ್ಟವಳ ಮೇಲಲ್ಲ. ಒಪ್ಪಂದದಲ್ಲಿ ಈ ಷರತ್ತು ಮೊದಲ ಪುಟದಲ್ಲೇ ಬರಬೇಕು. ಅದನ್ನ ಬರೆಯೋ ಮೇಜಿನ ಮುಂದೆ ಅಡುಗೆಯವರೇ ಕೂರಬೇಕು.

ನಿಮ್ಮೂರ ಶಾಲೆಯ ಅಡುಗೆಯವರನ್ನ ಒಮ್ಮೆ ಮಾತಾಡಿಸಿ. ಎಷ್ಟು ಕೊಡ್ತಾರೆ ಅಂತ ಕೇಳಿ. ಸೌಟು ಯಾರ ಕೈಲಿದೆ ಅಂತಲೂ ಕೇಳಿ.

ಜೈ ಭೀಮ್.