ಊದಿದವರು ನಾವು, ಹಾಡು ಯಾರದು?

ಹುನಗುಂದ ಹತ್ತಿರದ ಒಂದು ಊರಿನ ಮದುವೆಗೆ ನಾವು ಹೋಗಿದ್ದೆವು. ಮದುಮಗನ ಮೆರವಣಿಗೆ ಹನುಮಪ್ಪನ ಗುಡಿಯಿಂದ ಹೊರಟಿತ್ತು. ಮುಂದೆ ಬ್ಯಾಂಡ್ ಕಂಪನಿಯವರು. ಕೆಂಪು ಕೋಟು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಕ್ಲಾರಿಯೋನೆಟ್, ಟ್ರಂಪೆಟ್, ಡ್ರಮ್ಮು. ಹೊಸ ಸಿನೆಮಾದ ಒಂದು ಹಾಡು ಎತ್ತಿಕೊಂಡದ್ದೇ ತಡ, ಮುದುಕರೂ ಕುಣಿದರು. ನಾವು ಮೊಬೈಲ್ ತೆಗೆದು ನಾಲ್ಕು ನಿಮಿಷದ ವಿಡಿಯೋ ಮಾಡಿ, ರಾತ್ರಿಯೇ ನಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕಿ ಮಲಗಿದೆವು.

ಬೆಳಗ್ಗೆ ಎದ್ದು ನೋಡಿದರೆ ಯೂಟ್ಯೂಬಿನಿಂದ ಮೇಲ್ ಬಂದಿತ್ತು. ಈ ವಿಡಿಯೋದಲ್ಲಿರುವ ಸಂಗೀತ ಒಂದು ಆಡಿಯೋ ಕಂಪನಿಯದು, ಜಾಹೀರಾತಿನಿಂದ ದುಡ್ಡು ಬಂದರೆ ಅದು ಅವರಿಗೇ ಹೋಗುತ್ತದೆ ಅಂತ. ನಾವು ಬ್ಯಾಂಡ್ ಮಾಸ್ತರರಿಗೆ ಫೋನ್ ಮಾಡಿ ಹೇಳಿದೆವು. ಅವರು ನಕ್ಕರು.

"ಏನ್ರಪಾ ತಮ್ಮಾ, ಊದಿದವ್ರು ನಾವು, ಬಡದವ್ರು ನಾವು. ಅದರಾಗ ಅವ್ರದೇನೈತಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದುವಾಗ ಕಾಪಿರೈಟ್ ಕಾಯ್ದೆ ನಮಗೆ ಐದು ಅಂಕದ ಪ್ರಶ್ನೆ ಆಗಿತ್ತು. ಆಗ ಬಾಯಿಪಾಠ ಮಾಡಿದ್ದನ್ನು ಈಗ ಕೂತು ಓದಬೇಕಾಯಿತು.

ಓದಿದಾಗ ಮೊದಲು ಖುಷಿ ಆಯಿತು. 1957ರ ಕಾಪಿರೈಟ್ ಕಾಯ್ದೆಯ 52ನೆಯ ಕಲಂ ಪ್ರಕಾರ ಧಾರ್ಮಿಕ ಕಾರ್ಯದಲ್ಲಿ, ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಸಮಾರಂಭದಲ್ಲಿ ಯಾವ ಹಾಡು ಬಾರಿಸಿದರೂ ತಪ್ಪಲ್ಲ. ಅದರಲ್ಲಿ ಮದುವೆಯ ಮೆರವಣಿಗೆಯ ಹೆಸರನ್ನೇ ಹೇಳಿದ್ದಾರೆ. 2023ರ ಜುಲೈ 24ರಂದು ಕೇಂದ್ರ ಸರಕಾರದ ಇಲಾಖೆಯೂ ಇದನ್ನೇ ಪ್ರಕಟಣೆ ಹೊರಡಿಸಿ ನೆನಪಿಸಿತು. ಮದುವೆ ಮನೆಗೆ ಬಂದು ಹಾಡಿಗೆ ಲೈಸನ್ಸ್ ದುಡ್ಡು ಕೊಡಿ ಎಂದು ಯಾರೂ ಕೇಳುವಂತಿಲ್ಲ. ಅಂದಮೇಲೆ ಬೀದಿಯಲ್ಲಿ ಬ್ಯಾಂಡಿನವರು ಮಾಡಿದ್ದು ಪೂರಾ ಸರಿ.

ತಪ್ಪಿದ್ದು ನಾವು. ಮೆರವಣಿಗೆಯಲ್ಲಿ ಬಾರಿಸುವುದು ಬೇರೆ, ಅದನ್ನು ಮೊಬೈಲಿನಲ್ಲಿ ಹಿಡಿದು ಜಗತ್ತಿಗೆಲ್ಲ ತೋರಿಸುವುದು ಬೇರೆ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಮಾತು ಆ ಕಲಮಿನಲ್ಲಿ ಇಲ್ಲ.

ಒಂದು ಹಾಡಿನಲ್ಲಿ ಹಲವರ ಹಕ್ಕು ಇರುತ್ತದೆ. ಸಾಹಿತ್ಯ ಬರೆದವರದು ಒಂದು, ಧಾಟಿ ಕಟ್ಟಿದವರದು ಒಂದು, ಸ್ಟುಡಿಯೋದಲ್ಲಿ ಮುದ್ರಿಸಿದ ರೆಕಾರ್ಡಿನದು ಇನ್ನೊಂದು. ಸಿನೆಮಾ ಹಾಡಾದರೆ ಇವೆಲ್ಲ ಹೆಚ್ಚಾಗಿ ಆಡಿಯೋ ಕಂಪನಿಯ ಕೈಯಲ್ಲಿ ಇರುತ್ತವೆ. ನಮ್ಮ ಬ್ಯಾಂಡಿನವರು ರೆಕಾರ್ಡು ಹಾಕಿರಲಿಲ್ಲ, ಸ್ವಂತ ಉಸಿರಿನಿಂದ ಊದಿದ್ದರು. ಆದರೂ ಧಾಟಿ ಇನ್ನೊಬ್ಬರದು. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಯಂತ್ರ ಧಾಟಿಯನ್ನೂ ಗುರುತು ಹಿಡಿಯುತ್ತದೆ.

ನಮ್ಮಂಥ ಸಣ್ಣವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2022ರಲ್ಲಿ ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಕೆಜಿಎಫ್ 2 ಸಿನೆಮಾದ ಸಂಗೀತ ಸೇರಿಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯಲು ಹೇಳಿತು. ಮರುದಿನ ಹೈಕೋರ್ಟು ಆ ಆದೇಶ ತೆಗೆದುಹಾಕಿತು, ಆದರೆ ಆ ವಿಡಿಯೋಗಳನ್ನು ಅಳಿಸಬೇಕೆಂಬ ಷರತ್ತು ಹಾಕಿತು.

ಇಳಕಲ್ಲಿನ ನಮ್ಮ ಪರಿಚಯದ ಶಿಕ್ಷಕರೊಬ್ಬರು ಇದನ್ನು ಕೇಳಿ ಗಾಬರಿಯಾದರು. "ಹಂಗಾರ ಆಗಸ್ಟ್ ಹದಿನೈದಕ್ಕ ನಮ್ಮ ಶಾಲಿ ಬ್ಯಾಂಡಿನ ವಿಡಿಯೋ ಹಾಕೂದೂ ತಪ್ಪೇನ್ರಿ?" ಎಂದರು. ಅವರ ಮಕ್ಕಳು ಬಾರಿಸುವುದು ರಾಷ್ಟ್ರಗೀತೆ ಮತ್ತು ಸಾರೆ ಜಹಾಂ ಸೆ ಅಚ್ಛಾ. ಲೆಕ್ಕ ಹಾಕಿ ನೋಡಿದೆವು. ಭಾರತದಲ್ಲಿ ಬರೆದವರು, ಧಾಟಿ ಕಟ್ಟಿದವರು ತೀರಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡರು. ಅವರ ಕೃತಿಗಳು 2002ರಿಂದ ಎಲ್ಲರವು. ಸಾರೆ ಜಹಾಂ ಬರೆದ ಇಕ್ಬಾಲ್ 1938ರಲ್ಲಿ ಹೋದರು, ಸಾಹಿತ್ಯಕ್ಕೆ ಈಗ ಅಡ್ಡಿ ಇಲ್ಲ. ಆದರೆ ಶಾಲೆಗಳಲ್ಲಿ ನಾವೆಲ್ಲ ಕೇಳುವ ಧಾಟಿ ಪಂಡಿತ್ ರವಿಶಂಕರ್ 1945ರಲ್ಲಿ ಕಟ್ಟಿದ್ದು. ಅವರು ತೀರಿದ್ದು 2012ರಲ್ಲಿ. ಆ ಧಾಟಿಯ ಹಕ್ಕು 2072ರ ಕೊನೆಯವರೆಗೂ ಇದೆ. ಹಾಡು ಒಂದೇ, ಮಾತು ಬಿಡುಗಡೆಯಾಗಿದೆ, ಧಾಟಿ ಇನ್ನೂ ಆಗಿಲ್ಲ. ಮೈದಾನದಲ್ಲಿ ಬಾರಿಸಲು ಚಿಂತೆ ಇಲ್ಲ, ವಿಡಿಯೋ ಹಾಕಿದರೆ ಕ್ಲೇಮ್ ಬಂದೀತು.

ಇಲ್ಲಿಗೆ ಮುಗಿದಿದ್ದರೆ ನಾವು ಈ ಬರಹ ಬರೆಯುತ್ತಿರಲಿಲ್ಲ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದಾಗ ಕರಡಿ ಮಜಲಿನ ಒಂದು ಮೇಳ ಸಿಕ್ಕಿತು. ಕರಡಿಯ ಗುಡುಗು, ಸನಾದಿಯ ಎಳೆತ, ತಾಳದ ಝಣಝಣ. ಸನಾದಿಯ ಕಾಕಾ ಹಳೆಯದೊಂದು ಮಟ್ಟು ಬಾರಿಸಿದರು. ಅವರ ಅಪ್ಪ ಬಾರಿಸುತ್ತಿದ್ದದ್ದು, ಅಪ್ಪನ ಅಪ್ಪನೂ ಬಾರಿಸುತ್ತಿದ್ದದ್ದು. ಇದಕ್ಕೆ ಯಾವ ಕಂಪನಿಯೂ ಬರಲಿಕ್ಕಿಲ್ಲ ಎಂದು ಧೈರ್ಯದಿಂದ ವಿಡಿಯೋ ಹಾಕಿದೆವು. ಎರಡನೆಯ ದಿನ ಅದಕ್ಕೂ ಕ್ಲೇಮ್ ಬಂತು! ಯಾವುದೋ ಕಂಪನಿ ಅದೇ ಮಟ್ಟಿಗೆ ಭಕ್ತಿಗೀತೆ ಮಾಡಿ ಮಾರಿತ್ತು. ಯಂತ್ರಕ್ಕೆ ಹಳೆಯದು ಯಾವುದು, ಹೊಸದು ಯಾವುದು ಗೊತ್ತಾಗಲಿಲ್ಲ.

ಈ ಸಲ ನಾವು ಸುಮ್ಮನಿರಲಿಲ್ಲ. ಕಂಪನಿಗೆ ಅದರ ಹೊಸ ಸಾಹಿತ್ಯದ ಮೇಲೆ, ಅದರ ರೆಕಾರ್ಡಿನ ಮೇಲೆ ಹಕ್ಕು ಇರಬಹುದು. ತಲೆಮಾರುಗಳಿಂದ ಬಂದ ಮಟ್ಟಿನ ಮೇಲೆ ಇಲ್ಲ. ಯೂಟ್ಯೂಬಿನಲ್ಲೇ ತಕರಾರು ಸಲ್ಲಿಸುವ ಜಾಗ ಇದೆ. ಯಾರು ಬಾರಿಸಿದರು, ಎಲ್ಲಿ, ಯಾವ ದಿನ, ಇದು ಜಾನಪದ ಮಟ್ಟು ಎಂದು ಬರೆದು ಕಳಿಸಿದೆವು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅಷ್ಟರೊಳಗೆ ಕ್ಲೇಮ್ ಹಿಂದೆ ತೆಗೆದರು.

ಗೆದ್ದ ಸುದ್ದಿ ಹೇಳಲು ಕಾಕಾನ ಮನೆಗೆ ಹೋದೆವು. ಅವರು ಚಹಾ ಕೊಟ್ಟು, ಎಲ್ಲ ಕೇಳಿ, ಮೆಲ್ಲಗೆ ಅಂದರು: "ಚಲೋ ಆತು ಬಿಡ್ರಿ. ಆದ್ರ ವಿಡಿಯೋ ಹಾಕೂ ಮುಂದ ನನ್ನೂ ಒಂದ ಮಾತ ಕೇಳಿದ್ರ ಚಲೋ ಇತ್ತು."

ನಮಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅದೇ ಕಾಯ್ದೆಯ 38ನೆಯ ಕಲಮನ್ನೂ ನಾವು ಓದಿದ್ದೆವು. ಬಾರಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಇದೆ. ಅವರನ್ನು ಕೇಳದೆ ಅದನ್ನು ಮುದ್ರಿಸಿಕೊಳ್ಳುವಂತಿಲ್ಲ. ಕಂಪನಿ ನಮ್ಮನ್ನು ಕೇಳಲಿಲ್ಲ ಎಂದು ಸಿಟ್ಟಾದ ನಾವು, ಕಾಕಾನನ್ನಾಗಲಿ ಬ್ಯಾಂಡ್ ಮಾಸ್ತರರನ್ನಾಗಲಿ ಕೇಳಿರಲಿಲ್ಲ. ವಿಡಿಯೋದ ಕೆಳಗೆ ಅವರ ಹೆಸರೂ ಇರಲಿಲ್ಲ. ನಮ್ಮ ಚಾನೆಲ್ಲಿನ ಹೆಸರು ಮಾತ್ರ ದೊಡ್ಡದಾಗಿತ್ತು.

ಅಂದಿನಿಂದ ನಾವು ಕೆಲವು ರೂಢಿ ಮಾಡಿಕೊಂಡಿದ್ದೇವೆ. ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಮೇಳದವರನ್ನು ಕೇಳುತ್ತೇವೆ. ಅವರು ಹೂಂ ಅಂದದ್ದನ್ನೂ ಮೊಬೈಲಿನಲ್ಲೇ ಹಿಡಿಯುತ್ತೇವೆ.

ಮೇಳದ ಹೆಸರು, ಊರು, ತಾರೀಖು ಬರೆಯುತ್ತೇವೆ. ಅವರು ಒಪ್ಪಿದರೆ ಫೋನ್ ನಂಬರನ್ನೂ ಹಾಕುತ್ತೇವೆ.

ಹಳೆಯ ಮಟ್ಟುಗಳನ್ನು ಬಾರಿಸಲು ಹೇಳುತ್ತೇವೆ. ಸಿನೆಮಾ ಹಾಡಿನ ಭಾಗ ಮದುವೆ ಮನೆಯವರಿಗಷ್ಟೇ ಕಳಿಸುತ್ತೇವೆ.

ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಮೇಳ ಹಿಡಿಯುವಾಗ ಡಿಜೆಯಿಂದ ದೂರ ನಿಲ್ಲುತ್ತೇವೆ. ಹಲಗಿ ಪೆಟ್ಟಿಗೆ ಯಾರ ಹಂಗೂ ಇಲ್ಲ, ಹಿಂದೆ ಕೇಳುವ ಡಿಜೆ ಹಾಡಿಗೆ ಇದೆ.

ಕ್ಲೇಮ್ ಬಂದರೆ ಹೆದರುವುದಿಲ್ಲ. ಅದು ಸ್ಟ್ರೈಕ್ ಅಲ್ಲ. 90 ದಿನದಲ್ಲಿ ಮೂರು ಸ್ಟ್ರೈಕ್ ಬಂದರೆ ಮಾತ್ರ ಚಾನೆಲ್ಲೇ ಹೋಗಬಹುದು. ಹಾಡು ಅವರದೇ ಆದರೆ ಒಪ್ಪಿಕೊಳ್ಳುತ್ತೇವೆ, ನಮ್ಮ ಊರಿನ ಮಟ್ಟು ಆದರೆ ತಕರಾರು ಹಾಕುತ್ತೇವೆ.

ಮೊನ್ನೆ ಕಾಕಾ ಫೋನ್ ಮಾಡಿದ್ದರು. ವಿಡಿಯೋ ನೋಡಿದ ಯಾರೋ ತಮ್ಮ ಊರ ಜಾತ್ರೆಗೆ ಕರೆದು ಸಂಚಕಾರವನ್ನೂ ಕೊಟ್ಟುಹೋದರಂತೆ. "ಇನ್ನ ನಾಕ ಮಟ್ಟು ಅದಾವು, ನಮ್ಮ ಹುಡುಗ್ರಿಗೆ ಬರೂದಿಲ್ಲ. ಯಾವಾಗ ಬರ್ತೀರಿ?" ಎಂದು ಕೇಳಿದರು.

ಬರುವ ಐತವಾರ ಹೋಗುತ್ತಿದ್ದೇವೆ. ಈ ಸಲ ಕರೆದದ್ದು ಅವರೇ.