ಮುಟ್ಟದೆ ಹಚ್ಚುವ ದೀಪ

ಮುಂಡರಗಿ, ಶಿರಹಟ್ಟಿ ಕಡೆಯ ಹೊಲಗಳಲ್ಲಿ ಬೋರ್‌ವೆಲ್ ಇದ್ದಲ್ಲೆಲ್ಲ ಒಂದು ಸದ್ದು ಪರಿಚಿತ. ಸ್ಟಾರ್ಟರಿನ ಹಸಿರು ಬಟನ್ ಒತ್ತಿದರೆ ಡಬ್ಬಿಯೊಳಗೆ ‘ಖಟ್’ ಎನ್ನುತ್ತದೆ, ಮೋಟಾರು ಚಾಲೂ ಆಗುತ್ತದೆ. ಮೋಟಾರಿನ ಕರೆಂಟು ಆ ಬಟನ್ನಿನ ಮೂಲಕ ಹರಿಯುವುದಿಲ್ಲ. ಬಟನ್ನು ಒಂದು ಸುರುಳಿಗೆ ಕರೆಂಟು ಕೊಡುತ್ತದೆ. ಸುರುಳಿ ಅಯಸ್ಕಾಂತವಾಗಿ ದೊಡ್ಡ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಇದರ ಚಿಕ್ಕ ತಮ್ಮನೇ ರಿಲೇ.

ನನಗೆ ಅದು ಬೇಕಾದದ್ದು ಬೆಟಗೇರಿಯ ನಮ್ಮ ಮನೆಗೆ. ಬಚ್ಚಲಿನ ದೀಪದ ಸ್ವಿಚ್ಚು ಹಿತ್ತಲ ಗೋಡೆಯ ಮೇಲಿತ್ತು. ಮಳೆಗಾಲದಲ್ಲಿ ಆ ಗೋಡೆ ಹಸಿ. ಹೋದ ವರ್ಷ ಅವ್ವನ ಒದ್ದೆ ಕೈ ಅಲ್ಲಿ ಜುಮ್ಮೆಂದಿತು. ಆಮೇಲೆ ಆಕೆ ಸ್ವಿಚ್ಚು ಮುಟ್ಟುವುದನ್ನೇ ಬಿಟ್ಟು, ನಸುಕಿನ ಕತ್ತಲಲ್ಲಿ ಗೋಡೆ ತಡವುತ್ತ ಹೋಗತೊಡಗಿದಳು. ಜಾರಿ ಬಿದ್ದರೆ ಎಂಬ ಭಯ ನನ್ನ ಪಿಎಚ್.ಡಿ. ಪ್ರಯೋಗಾಲಯದವರೆಗೂ ಹಿಂಬಾಲಿಸಿತು.

ಆರ್ಡುಯಿನೋದಂಥ ಮೈಕ್ರೋಕಂಟ್ರೋಲರಿನ ಒಂದು ಪಿನ್ನು 5 ವೋಲ್ಟಿನಲ್ಲಿ ನಿಶ್ಚಿಂತೆಯಿಂದ ಕೊಡುವುದು ಸುಮಾರು 20 ಮಿಲಿಆಂಪಿಯರ್. ಸಾಮಾನ್ಯ 5 ವೋಲ್ಟ್ ರಿಲೇಯ ಸುರುಳಿ ಕೇಳುವುದು ಸುಮಾರು 70. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಬೇಕು. ಸುರುಳಿ ಬಂದಾಗುವಾಗ ಒದೆಯುವ ವೋಲ್ಟೇಜು ಅದನ್ನು ಸುಡದಂತೆ ತಿರುವಿ ಹಾಕಿದ ಡಯೋಡ್ ಬೇಕು. ಅಂಗಡಿಯಲ್ಲಿ ಸಿಗುವ ರಿಲೇ ಬೋರ್ಡುಗಳಲ್ಲಿ ಎರಡೂ ಇರುತ್ತವೆ.

230 ವೋಲ್ಟಿನ ಬದಿಯನ್ನು ನಾನು ಮುಟ್ಟಲಿಲ್ಲ. ಓಣಿಯ ವೈರಮನ್ ಕಾಕಾ ಬಂದರು. “ತಮ್ಮಾ, ಕಡಿಬೇಕಾದ್ದು ಫೇಜು, ನ್ಯೂಟ್ರಲ್ ಅಲ್ಲ,” ಅಂದರು. ನ್ಯೂಟ್ರಲ್ ಕಡಿದರೂ ದೀಪ ಆರುತ್ತದೆ. ಆದರೆ ಹೋಲ್ಡರಿನಲ್ಲಿ ಫೇಜು ಉಳಿದಿರುತ್ತದೆ. ದೀಪ ಆರಿದೆಯೆಂದು ನಂಬಿ ಬಲ್ಬು ಬದಲಿಸುವ ಕೈಗೆ ಅದೇ ಕುತ್ತು. ರಿಲೇಯ ಮೂರು ತಿರುಪುಗಳಲ್ಲಿ ನಡುವಿನದಕ್ಕೆ ಫೇಜು ಕೊಟ್ಟು, ಸುಮ್ಮನಿದ್ದಾಗ ತೆರೆದಿರುವ ಬದಿಯಿಂದ ದೀಪಕ್ಕೆ ಎಳೆದರು. ಕಂಟ್ರೋಲರ್ ಸತ್ತರೆ ದೀಪವೂ ಆರಿಯೇ ಇರುತ್ತದೆ.

ರಿಲೇ ಡಬ್ಬಿ ಒಳಗಿನ ಒಣ ಗೋಡೆಗೆ ಹೋಯಿತು. ಹಿತ್ತಲಿಗೆ ಬೇರೆಯದೇ ಪೈಪಿನಲ್ಲಿ ಹೋದದ್ದು 5 ವೋಲ್ಟಿನ ತೆಳು ತಂತಿ, ಅದರ ತುದಿಗೆ ಒಂದು ಬಟನ್ನು. ಒತ್ತಿದರೆ ದೀಪ ಹತ್ತುತ್ತದೆ, ಹತ್ತು ನಿಮಿಷಕ್ಕೆ ತಾನೇ ಆರುತ್ತದೆ.

“ಇದಕ್ಕೂ ಕರೆಂಟ್ ಐತೇನಪಾ?” ಅವ್ವ ದೂರವೇ ನಿಂತು ಕೇಳಿದಳು.

“ಐತಿ, ಆದ್ರ ಹೊಡಿಯೂವಷ್ಟಿಲ್ಲವ್ವಾ.”

ಮೊದಲ ದಿನ ಮೊಳಕೈಯಿಂದ ಒತ್ತಿದಳು, ಮೂರನೆಯ ದಿನ ಬೆರಳಿನಿಂದ.

ರಿಲೇಯೊಳಗೆ ಸುರುಳಿಗೂ ಸಂಪರ್ಕಕ್ಕೂ ತಂತಿಯ ನಂಟಿಲ್ಲ. ಅಯಸ್ಕಾಂತದ ಎಳೆತವಷ್ಟೇ ದಾಟುತ್ತದೆ. ಅವ್ವನ ಕೈಯನ್ನು ಕಾಯುವುದು ಆ ಅಂತರ. ಕಳಪೆ ಅಡಾಪ್ಟರ್ ಹಾಕಿದರೆ 230 ವೋಲ್ಟು ಆ ದಾರಿಯಿಂದಲೂ ನುಗ್ಗಬಹುದು, ಅದಕ್ಕೇ ಒಳ್ಳೆಯದನ್ನೇ ಕೊಂಡೆವು. ಹಸಿ ಗೋಡೆಗೆ ಔಷಧ ರಿಲೇ ಅಲ್ಲ. ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನೂ ಕಾಕಾ ಕೂಡಿಸಿದರು. ನಿಮ್ಮ ಊರ ಹಳೆಯ ಮನೆಯಲ್ಲೂ ಒಮ್ಮೆ ವೈರಮನ್ನರನ್ನು ಕರೆದು ಕೇಳಿ: ಸ್ವಿಚ್ಚು ಕಡಿಯುತ್ತಿರುವುದು ಯಾವ ತಂತಿಯನ್ನು?