ಗಾಜಿನ ಮೇಲೊಂದು ಗಾಜು

ಮೊಬೈಲ್ ಅಂಗಡಿಯಲ್ಲಿ ಟೆಂಪರ್ಡ್ ಗ್ಲಾಸಿನ ಪ್ಯಾಕೆಟನ್ನು ಕೈಗೆತ್ತಿಕೊಂಡು ನೋಡಿದವರು ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ '9ಎಚ್' ಎಂಬ ಗುರುತನ್ನು ಗಮನಿಸಿರಬಹುದು. ಐವತ್ತು ರೂಪಾಯಿಯ ಗ್ಲಾಸಿನ ಮೇಲೂ ಅದಿದೆ, ಐನೂರರದ್ದರ ಮೇಲೂ ಅದೇ ಇದೆ. ಕೊಳ್ಳುವವರಿಗೆ ಅದರ ಅರ್ಥ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ. ಒಂಬತ್ತು ಎಂಬುದು ಹತ್ತಕ್ಕೆ ಹತ್ತಿರವಾದ್ದರಿಂದ ಏನೋ ದೊಡ್ಡದೇ ಇರಬೇಕು ಎಂಬ ನಂಬಿಕೆ ಮಾತ್ರ ಇಬ್ಬರಿಗೂ ಇದೆ. ಸ್ವಲ್ಪ ಓದಿಕೊಂಡವರಾದರೆ ವಜ್ರಕ್ಕೆ ಹತ್ತು, ಇದಕ್ಕೆ ಒಂಬತ್ತು ಎಂದು ವಿವರಿಸುವುದೂ ಉಂಟು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಂಗಳೂರಿನಿಂದ ಅಷ್ಟೇನೂ ದೂರವಲ್ಲದ ನಮ್ಮ ಪೇಟೆಯ ಬಸ್ ನಿಲ್ದಾಣದ ಪಕ್ಕದಲ್ಲಿ ನನ್ನ ತಂಗಿಯ ಮಗನದ್ದೊಂದು ಪುಟ್ಟ ಮೊಬೈಲ್ ಅಂಗಡಿಯಿದೆ. ಅಸರ್ ನಮಾಝಿನ ಬಳಿಕ ಅಲ್ಲಿ ಹೋಗಿ ಕುಳಿತುಕೊಳ್ಳುವುದು ನನ್ನ ಅಭ್ಯಾಸ. ರಿಪೇರಿ, ರೀಚಾರ್ಜು ಎಲ್ಲ ಇದ್ದರೂ ಆ ಅಂಗಡಿಯ ಬಾಡಿಗೆ ಹುಟ್ಟುವುದು ಇಂಥ ಗ್ಲಾಸುಗಳಿಂದ. ಸಗಟು ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಬೇರೆ ಯಾವ ಸಾಮಾನಿನಲ್ಲೂ ಅಷ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಒಡೆದ ಫೋನು ಹಿಡಿದುಕೊಂಡು ಅಂಗಡಿಗೆ ಬಂದ. ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದವನು. ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನು ಜಾರಿ ಇಂಟರ್‌ಲಾಕ್ ಕಲ್ಲಿನ ಮೇಲೆ ಮೂಲೆ ಹೊಡೆದು ಬಿದ್ದಿತ್ತು. ತಿಂಗಳ ಹಿಂದಷ್ಟೇ ಮುನ್ನೂರು ರೂಪಾಯಿ ಕೊಟ್ಟು ಹಾಕಿಸಿದ್ದ ಗ್ಲಾಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಒಡೆದದ್ದು ಅದರ ಕೆಳಗಿನ ಡಿಸ್‌ಪ್ಲೇ! ಹೊಸದು ಹಾಕಿಸಲು ಮೂರು ಸಾವಿರದ ಮೇಲೆ. ಫೋನಿಲ್ಲದಿದ್ದರೆ ಆರ್ಡರಿಲ್ಲ, ಆರ್ಡರಿಲ್ಲದಿದ್ದರೆ ಆ ದಿನದ ದುಡಿಮೆಯಿಲ್ಲ.

"ಇದು ಹಾಕಿದರೆ ಎಂತ ಆಗುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದು ಅವನು ಕೇಳಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನ್ನ ಅಳಿಯ ಏನಾದರೂ ಉತ್ತರ ಕೊಡುತ್ತಿದ್ದನೇನೋ. ಬಿಡಿಭಾಗದ ಬೆಲೆ ಮಾತ್ರ ತೆಗೆದುಕೊಂಡು ಅಂದೇ ಸರಿ ಮಾಡಿಕೊಟ್ಟ. ಹುಡುಗ ಹೋದ ಮೇಲೆ ನನ್ನ ಕಡೆ ತಿರುಗಿ, "ಮಾಮ, ನಾನು ಹೇಳಿ ಮಾರುವುದು ಸುಳ್ಳಾ?" ಎಂದ. ಸಗಟು ವ್ಯಾಪಾರಿ ಇವನಿಗೆ ಹೇಳಿದ್ದನ್ನೇ ಇವನು ಗಿರಾಕಿಗೆ ಹೇಳಿದ್ದ. ಆದರೆ ಅಳತೆ, ತೂಕದಲ್ಲಿ ಮೋಸವಿರಬಾರದು ಎಂದು ಕೇಳಿಕೊಂಡೇ ಬೆಳೆದ ಹುಡುಗನಿಗೆ, ತಾನು ಯಾವ ಅಳತೆಯ ಹೆಸರಿನಲ್ಲಿ ಮಾರುತ್ತಿದ್ದೇನೆ ಎಂಬುದೇ ಗೊತ್ತಿಲ್ಲದಿರುವುದು ಚುಚ್ಚಿರಬೇಕು. ಪರೀಕ್ಷೆ ಮಾಡಿಯೇ ನೋಡುವ ಎಂದೆ. ಮೂಲೆಯಲ್ಲಿ ಸತ್ತ ಫೋನುಗಳ ಒಂದು ರಾಶಿ ಇತ್ತು. ನನಗೂ ಬೇರೆ ಕೆಲಸವಿರಲಿಲ್ಲ.

ಮೊದಲು ಆ 9ಎಚ್. ಇದಕ್ಕೂ ವಜ್ರಕ್ಕೂ ಸಂಬಂಧವಿಲ್ಲ. ಇದು ಪೆನ್ಸಿಲಿನ ಲೆಕ್ಕ. ಚಿತ್ರ ಬರೆಯುವವರಿಗೆ ಗೊತ್ತಿರುವಂತೆ ಬಿ ಎಂದರೆ ಮೆದು, ಎಚ್ ಎಂದರೆ ಗಟ್ಟಿ. ಸೀಸದ ಕಡ್ಡಿ ಎಂದು ನಾವು ಕರೆಯುವುದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ. ಬಣ್ಣ, ವಾರ್ನಿಷ್ ಬಳಿದ ಮೇಲ್ಮೈ ಎಷ್ಟು ತಾಳುತ್ತದೆ ಎಂದು ನೋಡಲು ಹುಟ್ಟಿದ ಪರೀಕ್ಷೆಯಿದು. ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಉಜ್ಜಿ, 45 ಡಿಗ್ರಿ ಓರೆಯಲ್ಲಿ, ಸಾಮಾನ್ಯವಾಗಿ 750 ಗ್ರಾಂ ಭಾರ ಹೇರಿ ಮೇಲ್ಮೈಯ ಮೇಲೆ ತಳ್ಳಬೇಕು. ಗೀರು ಬೀಳಿಸಲಾಗದ ಅತ್ಯಂತ ಗಟ್ಟಿ ಪೆನ್ಸಿಲ್ ಯಾವುದೋ ಅದೇ ಆ ಮೇಲ್ಮೈಯ ಅಂಕ. ವಜ್ರಕ್ಕೆ ಹತ್ತು ಕೊಡುವುದು ಬೇರೆಯೇ ಅಳತೆ; ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳಿಗಾಗಿ ಮಾಡಿದ್ದು. ಅದರಲ್ಲಿ ಒಂಬತ್ತು ಇರುವುದು ಮಾಣಿಕ್ಯ, ನೀಲದಂಥ ಕಲ್ಲುಗಳಿಗೆ. ಗಾಜು ಐದೂವರೆ, ಆರರ ಆಸುಪಾಸಿನಲ್ಲಿ ಬರುತ್ತದೆ.

ಹಂಪನಕಟ್ಟೆಯ ಡ್ರಾಯಿಂಗ್ ಸಾಮಾನಿನ ಅಂಗಡಿಯಿಂದ ಪೆನ್ಸಿಲು ತರಿಸಿದೆ. ಮೊಮ್ಮಗನ ಮರದ ಆಟದ ಗಾಡಿಗೆ ಪೆನ್ಸಿಲನ್ನು ಓರೆಯಾಗಿ ಕಟ್ಟಿ, ಮೇಲೆ ತೂಕದ ಕಲ್ಲು ಇಟ್ಟು ತಳ್ಳಿದೆವು. ಐವತ್ತರ ಗ್ಲಾಸು ಪಾಸು. ಮುನ್ನೂರರದ್ದೂ ಪಾಸು. ಅಳಿಯನ ಮುಖ ಅರಳಿತು. ಆಮೇಲೆ ಅಂಗಡಿಯ ಶೋಕೇಸಿನ ಗಾಜಿನ ಮೇಲೆ ತಳ್ಳಿದೆವು, ಅದೂ ಪಾಸು. ಪಕ್ಕದ ಹೋಟೆಲಿನಿಂದ ಚಹಾ ತಂದ ಗ್ಲಾಸಿನ ಮೇಲೆ ಕೈಯಿಂದಲೇ ಗೀಚಿ ನೋಡಿದೆ, ಅದಕ್ಕೂ ಏನೂ ಆಗಲಿಲ್ಲ. ಗಾಜು ಎಂಬ ಯಾವ ವಸ್ತುವೂ ಪೆನ್ಸಿಲಿಗೆ ಬಗ್ಗುವುದಿಲ್ಲ. ಸೋತದ್ದು ಹಳೆಯ ಮಾದರಿಯ ಪ್ಲಾಸ್ಟಿಕ್ ಹಾಳೆ ಮಾತ್ರ. ಹೀಗಿರುವಾಗ ಗಾಜಿನ ಮೇಲೆ 9ಎಚ್ ಎಂದು ಬರೆಯುವುದು ಸುಳ್ಳಲ್ಲ. ಮೀನಿನ ಬುಟ್ಟಿಯ ಮೇಲೆ 'ನೀರಿನಲ್ಲಿ ಈಜಬಲ್ಲದು' ಎಂದು ಬರೆದ ಹಾಗೆ, ಅಷ್ಟೆ. (11ಡಿ, 21ಡಿ ಎಂಬ ಗುರುತುಗಳಿಗಂತೂ ಅಷ್ಟು ಅರ್ಥವೂ ಇಲ್ಲ. ಅಂಚು ಬಾಗಿಸಿದ್ದಕ್ಕೆ ವ್ಯಾಪಾರಿಗಳು ಇಟ್ಟುಕೊಂಡ ಹೆಸರು ಅದು.)

ಟೆಂಪರ್ಡ್ ಎಂಬ ಹೆಸರೂ ಪೂರ್ತಿ ನೇರವಲ್ಲ. ಕಾರಿನ ಬಾಗಿಲ ಗಾಜನ್ನು ಕಾಯಿಸಿ, ಗಾಳಿಯೂದಿ ಥಟ್ಟನೆ ತಣಿಸಿ ಗಟ್ಟಿ ಮಾಡುತ್ತಾರೆ. ಹೊರಮೈ ಬೇಗ, ಒಳಗು ನಿಧಾನವಾಗಿ ತಣಿಯಬೇಕು. ಮೂರನೇ ಒಂದು ಮಿಲಿಮೀಟರಿನಷ್ಟು ತೆಳು ಹಾಳೆಯಲ್ಲಿ ಒಳಗೆಲ್ಲಿ, ಹೊರಗೆಲ್ಲಿ? ಇದನ್ನು ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ, ಸುಮಾರು 400 ಡಿಗ್ರಿ ಬಿಸಿಯಲ್ಲಿ ಅದ್ದಿಡುತ್ತಾರೆ. ಗಾಜಿನ ಮೈಯಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಕೂರುತ್ತವೆ. ಸಿಟಿ ಬಸ್ಸಿನಲ್ಲಿ ಶಾಲೆಮಕ್ಕಳು ಇಳಿದ ಸೀಟುಗಳಿಗೆ ದಢೂತಿ ಗಂಡಸರು ಹತ್ತಿ ಕುಳಿತ ಹಾಗೆ. ಆ ಒತ್ತಡವೇ ಗಾಜಿನ ಬಲ. ಫೋನಿನ ಸ್ವಂತ ಗಾಜೂ ಇದೇ ವಿದ್ಯೆಯದು. 2007ರ ಮೊದಲ ಐಫೋನು ಮಾರುಕಟ್ಟೆಗೆ ಬರುವ ಮುನ್ನ ಅದರ ಮಾದರಿಯಲ್ಲಿದ್ದದ್ದು ಪ್ಲಾಸ್ಟಿಕ್ ಪರದೆ. ಜೇಬಿನ ಕೀಲಿಕೈಯಿಂದ ಅದಕ್ಕೆ ಗೀರು ಬಿದ್ದುದನ್ನು ಕಂಡು ಸ್ಟೀವ್ ಜಾಬ್ಸ್ ಗಾಜೇ ಬೇಕೆಂದು ಹಟ ಹಿಡಿದರು ಎಂದು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಅಮೆರಿಕದ ಕಾರ್ನಿಂಗ್ ಕಂಪೆನಿಯ ಗೊರಿಲ್ಲಾ ಗ್ಲಾಸು ಮನೆಮಾತಾದದ್ದು ಆ ಬಳಿಕ.

ಹಾಗಾದರೆ ಗಟ್ಟಿ ಗಾಜಿನ ಮೇಲೆ ಇನ್ನೊಂದು ಗಾಜು ಏಕೆ? ಕೀಲಿ, ನಾಣ್ಯಗಳಿಂದ ಉಜ್ಜಿದೆವು. ಬರಿಯ ಗಾಜಿಗೂ ಏನೂ ಆಗಲಿಲ್ಲ. ಗಾಜಿನ ನಿಜವಾದ ವೈರಿ ನಮ್ಮ ಕರಾವಳಿಯಲ್ಲಿ ಎಲ್ಲೆಂದರಲ್ಲಿ ಇದೆ: ಮರಳು. ಮರಳಿನ ಬಹುಪಾಲು ಸ್ಫಟಿಕ ಶಿಲೆ, ಮೋಸ್‌ನ ಲೆಕ್ಕದಲ್ಲಿ ಏಳು. ಉಳ್ಳಾಲದ ಕಡಲ ಕರೆಯ ಒಂದು ಚಿಟಿಕೆ ಮರಳನ್ನು ಬಟ್ಟೆಯಲ್ಲಿಟ್ಟು ಹೆಬ್ಬೆರಳಿನಿಂದ ಹತ್ತು ಸಲ ಉಜ್ಜಿದೆ. ಐವತ್ತರ ಗ್ಲಾಸಿಗೂ ಗೀರು, ಮುನ್ನೂರರದ್ದಕ್ಕೂ ಗೀರು. ಮೇಲಿನ ಗ್ಲಾಸನ್ನು ಕಿತ್ತಾಗ ಕೆಳಗಿನದ್ದು ಕನ್ನಡಿಯಂತೆ ಉಳಿದಿತ್ತು. ಗ್ಲಾಸಿನ ಮೊದಲ ಕೆಲಸ ಇದೇ. ತಾನು ಗೀರಿಸಿಕೊಳ್ಳುವುದು. ಅದಕ್ಕೆ ಐವತ್ತರದ್ದು ಧಾರಾಳ ಸಾಕು.

ಇನ್ನು ಬೀಳುವುದರ ಮಾತು. ಬೇರಿಂಗಿನ ಉಕ್ಕಿನ ಗುಂಡನ್ನು ಅಡಿಕೋಲಿಟ್ಟು ಅಳೆದು ಹಳೆಯ ಡಿಸ್‌ಪ್ಲೇಗಳ ಮೇಲೆ ಬೀಳಿಸಿದೆವು. ಮೂರಡಿಯಿಂದ ಬಿದ್ದಾಗ ಮೇಲಿನ ಗ್ಲಾಸು ಜೇಡರ ಬಲೆಯಂತೆ ಬಿರಿಯಿತು, ಕೆಳಗಿನದ್ದು ಉಳಿಯಿತು. "ನೋಡಿ ಮಾಮ, ಉಳಿಸಿತಲ್ಲ!" ಎಂದ ಅಳಿಯ. ಗ್ಲಾಸು ಹಾಕದ ಡಿಸ್‌ಪ್ಲೇ ಮೇಲೆಯೂ ಅಷ್ಟೇ ಎತ್ತರದಿಂದ ಬೀಳಿಸಲು ಹೇಳಿದೆ. ಅದೂ ಒಡೆಯಲಿಲ್ಲ. ಮೇಲಿನ ಗ್ಲಾಸು ಒಡೆದದ್ದನ್ನು ಕಂಡು ಫೋನು ಉಳಿಯಿತೆಂದು ಸಮಾಧಾನಪಡುವವರು ಅನೇಕ. ಅದಿಲ್ಲದಿದ್ದರೂ ಉಳಿಯುತ್ತಿತ್ತೇ ಎಂದು ನೋಡುವ ಅವಕಾಶ ಅವರಿಗಿಲ್ಲ. ನಮಗಿತ್ತು.

ಆದರೆ ಎಲ್ಲ ಬೀಳುವಿಕೆಯೂ ಒಂದೇ ಅಲ್ಲ. ಚೂಪು ಜಲ್ಲಿಯ ಮೇಲೆ ಮುಖ ಅಡಿಯಾಗಿ ಬಿದ್ದಾಗ ಗ್ಲಾಸು ನಿಜವಾಗಿಯೂ ಉಪಕಾರ ಮಾಡಿತು. ಕಲ್ಲಿನ ಮೊನೆಯನ್ನು ತಾನು ತಿಂದು, ಕೆಳಗಿನದ್ದನ್ನು ಬಿಟ್ಟಿತು. ಬರಿಯ ಗಾಜು ಅಲ್ಲಿ ಬಿರಿಯಿತು. ಮೂಲೆಯಲ್ಲಿ ಬಿದ್ದಾಗ ಮಾತ್ರ ಕತೆ ಬೇರೆ. ಪೆಟ್ಟು ಫ್ರೇಮಿನ ಮೂಲಕ ಸಾಗಿ ಫೋನಿನ ಗಾಜನ್ನು ಬಾಗಿಸುತ್ತದೆ. ಅಂಚಿನಲ್ಲಿ ಎಲ್ಲೋ ಒಂದು ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿಂದ ಸೀಳುತ್ತದೆ. ಮೇಲೆ ಮೆತ್ತನೆಯ ಅಂಟಿನಲ್ಲಿ ಕೂತಿರುವ ತೆಳು ಹಾಳೆಗೆ ಇದರ ಸುದ್ದಿಯೇ ಮುಟ್ಟುವುದಿಲ್ಲ. ನಾಲ್ಕು ಸತ್ತ ಫೋನುಗಳನ್ನು ಸೊಂಟದೆತ್ತರದಿಂದ ಸಿಮೆಂಟಿನ ಮೇಲೆ ಮೂಲೆ ಕೊಟ್ಟು ಬೀಳಿಸಿದೆವು. ಗ್ಲಾಸು ಹಾಕಿದ್ದೂ ಒಡೆಯಿತು, ಹಾಕದ್ದೂ ಒಡೆಯಿತು. ಅಂಚು ಎತ್ತರವಿರುವ ನೂರು ರೂಪಾಯಿಯ ರಬ್ಬರ್ ಕವರು ತೊಡಿಸಿದ್ದ ಎರಡು ಉಳಿದವು. ನಾಲ್ಕು ಫೋನಿನಿಂದ ವಿಜ್ಞಾನವಾಗುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತಿದ್ದೆ. ಆದರೂ ಆ ಹುಡುಗನ ಫೋನಿನಲ್ಲಿ ನಡೆದದ್ದೇನೆಂದು ತಿಳಿಯಲು ಇಷ್ಟು ಸಾಕಾಯಿತು. ಅವನಿಗೆ ಬೇಕಿದ್ದದ್ದು ಕವರು. ನಾವು ಮಾರಿದ್ದು ಗ್ಲಾಸು.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮ ನೆರೆಮನೆಯ ಅಕ್ಕ ಬಂದರು. ಬಾಲ್ಯದಿಂದ ಬೀಡಿ ಕಟ್ಟಿದ ಕೈ ಅವರದ್ದು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು ಬೆರಳ ತುದಿಯ ಗೆರೆಗಳೆಲ್ಲ ಸವೆದಿವೆ. ರೇಶನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುವುದು ಮೂರನೆಯದೋ ನಾಲ್ಕನೆಯದೋ ಸಲಕ್ಕೆ. ಬಹರೈನಿನಲ್ಲಿರುವ ಮಗ ಹೊಸ ಫೋನು ಕಳಿಸಿದ್ದ; ಅದಕ್ಕೆ ಯಾವುದೋ ಅಂಗಡಿಯಲ್ಲಿ ನಾನೂರು ರೂಪಾಯಿಯ ದಪ್ಪ ಗ್ಲಾಸು ಹಾಕಿಸಿದ್ದರು. ಅಂದಿನಿಂದ ಫೋನು ಅವರ ಬೆರಳಿನ ಮಾತು ಕೇಳುತ್ತಿಲ್ಲ.

"ಮಗನ ಫೋನು ಬರ್ತದೆ ಮಾಷ್ಟ್ರೇ, ಎಳೆದರೆ ಎಳೆದರೆ ತೆಗೆಯುವುದೇ ಇಲ್ಲ. ಕಟ್ ಆಗ್ತದೆ. ಅಮ್ಮನಿಗೆ ಕೋಪವಾ ಅಂತ ಅವನು ಕೇಳ್ತಾನೆ."

ಪರದೆಯಡಿ ಪಾರದರ್ಶಕ ವಿದ್ಯುತ್ ಗೆರೆಗಳ ಒಂದು ಜಾಲವಿದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದ ಒಂದಿಷ್ಟನ್ನು ನಮ್ಮ ಮೈ ಸೆಳೆದುಕೊಳ್ಳುತ್ತದೆ. ಆ ಕೊರತೆಯೇ ಫೋನಿಗೆ ಸ್ಪರ್ಶ. ಬೆರಳಿನ ತೇವ ಕಡಿಮೆಯಾದಷ್ಟೂ, ಚರ್ಮ ದಡ್ಡುಗಟ್ಟಿದಷ್ಟೂ, ನಡುವಿನ ಗಾಜು ದಪ್ಪವಾದಷ್ಟೂ ಸುಳಿವು ಕ್ಷೀಣ. ಅಂಚಿಗೆ ಮಾತ್ರ ಅಂಟು ಹಾಕಿದ ಗ್ಲಾಸಾದರೆ ನಡುವೆ ಗಾಳಿಯೂ ಸೇರುತ್ತದೆ. ಅಕ್ಕನ ಗ್ಲಾಸು ಅಂಥದ್ದು.

ಹಿಂದಿನ ಟಚ್ ಪರದೆಗಳು ಹೀಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯ ಇಂಜಿನಿಯರರೂ ಸೇರಿ ಓದುಬರಹ ಬಾರದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಸಿಂಪ್ಯೂಟರ್ ಹಲವರಿಗೆ ನೆನಪಿರಬಹುದು. 2004ರಲ್ಲಿ ಪಿಕೋಪೇಟಾ ಮತ್ತು ಬಿಇಎಲ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಅಂಥ ಯಂತ್ರಗಳ ಪರದೆ ಮೆತ್ತಗಿನ ಎರಡು ಪದರಗಳದ್ದು. ಕಡ್ಡಿಯಿಂದ ಒತ್ತಿದರೆ ಪದರಗಳು ಒಂದಕ್ಕೊಂದು ತಾಗಿ ಕೆಲಸ ಮಾಡುತ್ತಿತ್ತು. ಬೇಗ ಗೀರು ಬೀಳುತ್ತಿತ್ತು, ನಿಜ. ಆದರೆ ಒತ್ತಿದವರ ಬೆರಳು ಮೆದುವೋ ಒರಟೋ ಎಂದು ಅದು ನೋಡುತ್ತಿರಲಿಲ್ಲ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಒತ್ತದೆಯೂ ತಿಳಿದುಕೊಳ್ಳುವ, ಆದರೆ ಬೆರಳನ್ನು ಆರಿಸುವ ಪರದೆ.

ಈ ಸಲ ಪೆನ್ಸಿಲೂ ಬೇಡ, ಗುಂಡೂ ಬೇಡ; ಅಕ್ಕನ ಬೆರಳೇ ಅಳತೆಗೋಲಾಯಿತು. ಫೋನಿನಲ್ಲಿ ಮಕ್ಕಳು ಚಿತ್ರ ಬರೆಯುವ ಒಂದು ಆಪ್ ತೆರೆದು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಗೆರೆ ಎಳೆಯಲು ಹೇಳಿದೆವು. ದಪ್ಪ ಗ್ಲಾಸಿನ ಮೇಲೆ ಗೆರೆ ಐದಾರು ಕಡೆ ತುಂಡಾಯಿತು. ಅದೇ ಜಾಗದಲ್ಲಿ ನನ್ನ ಬೆರಳು ಎಳೆದ ಗೆರೆ ಇಡಿಯಾಗಿತ್ತು. ಸೀಮೆಸುಣ್ಣ ಹಿಡಿದ ಕೈಗೂ ಬೀಡಿ ಕಟ್ಟಿದ ಕೈಗೂ ಇರುವ ಅಂತರ ಪರದೆಯ ಮೇಲೆ ಹಾಗೆ ಬಿದ್ದಿತ್ತು. ದಪ್ಪದ್ದನ್ನು ಕಿತ್ತು, ಪೂರ್ತಿ ಅಂಟಿರುವ ತೆಳು ಗ್ಲಾಸು ಹಾಕಿದ ಮೇಲೆ ಒಂದೆರಡು ಕಡೆ ಮಾತ್ರ ತುಂಡು. ಸೆಟ್ಟಿಂಗಿನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಒಂದು ಗುಂಡಿ ಕೆಲವು ಫೋನುಗಳಲ್ಲಿ ಇರುತ್ತದೆ. ಇದರಲ್ಲೂ ಇತ್ತು. ಅದನ್ನು ಒತ್ತಿದ ಮೇಲೆ ಗೆರೆ ಕೂಡಿಕೊಂಡಿತು. ಅಕ್ಕ ಇನ್ನೂ ನಾಲ್ಕು ಗೆರೆ ಎಳೆದು ನೋಡಿದರು. ಮತ್ತೊಂದು, ಹೂವಿನಂತಿರುವುದು, ಸುಮ್ಮನೆ ಬರೆದರು.

"ಇದಕ್ಕೆಷ್ಟು?"

"ಎಂಬತ್ತು ಅಕ್ಕ."

"ಕೇಳುವುದಕ್ಕೆ ಎಂಬತ್ತು, ಕೇಳದ್ದಕ್ಕೆ ನಾನೂರಾ?" ಎಂದು ಸೆರಗಿನ ಗಂಟು ಬಿಚ್ಚಿದರು.

ಎಣ್ಣೆಬೆರಳಿನ ಗುರುತು ಹಿಡಿಯದಂತೆ ಬಳಿದ ಲೇಪದ ಪರೀಕ್ಷೆ ಸುಲಭ. ಒಂದು ಹನಿ ನೀರು ಸಾಕು. ಹೊಸ ಗ್ಲಾಸಿನ ಮೇಲೆ ಹನಿ ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ನಿಲ್ಲುತ್ತದೆ. ಲೇಪ ಸವೆದ ಮೇಲೆ ಹರಡುತ್ತದೆ. ಬೆಲೆಯ ವ್ಯತ್ಯಾಸ ನಮಗೆ ಕಂಡದ್ದು ಇಲ್ಲಿ ಮಾತ್ರ. ಅಗ್ಗದ್ದರ ಲೇಪ ಕೆಲವೇ ವಾರದಲ್ಲಿ ಹೋಯಿತು. ಪರದೆಯೊಳಗೇ ಬೆರಳಚ್ಚು ಓದುವ ಫೋನುಗಳಲ್ಲಿ ಗ್ಲಾಸು ಹಾಕಿದ ಮೇಲೆ ಬೆರಳನ್ನು ಹೊಸದಾಗಿ ದಾಖಲಿಸಿಕೊಳ್ಳುವುದು ಒಳ್ಳೆಯದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಅಳಿಯ ಈಗ ಗಿರಾಕಿಯನ್ನು ಮೊದಲು ಕೆಲಸ ಏನೆಂದು ಕೇಳುತ್ತಾನೆ. ಗಾರೆ ಕೆಲಸದವರಿಗೆ, ಮೀನುಗಾರರಿಗೆ ಅಗ್ಗದ ಗ್ಲಾಸು, ಪದೇಪದೇ ಬದಲಿಸಲು. ಬೈಕಿನವರಿಗೆ ಮೊದಲು ಕವರು. ಒರಟು ಬೆರಳಿನವರಿಗೆ ಗೆರೆ ಎಳೆಸಿ ನೋಡಿ ತೆಳುವಿನದ್ದು. ಸಗಟು ವ್ಯಾಪಾರಿಗೆ ಇದು ಹಿಡಿಸಿಲ್ಲ. ದುಬಾರಿ ಮಾಲು ವಾಪಸು ಬರುತ್ತಿದೆ ಎಂದು ಗೊಣಗಿದ್ದಾನೆ. ಲಾಭವೂ ಸ್ವಲ್ಪ ಇಳಿದಿದೆ. ತಂಗಿ ನನ್ನ ಮೇಲೆ ಹುಸಿಮುನಿಸು ತೋರಿಸುತ್ತಾಳೆ.

ಒಂದು ಸಂಗತಿಗೆ ಮಾತ್ರ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಕಿತ್ತ ಗ್ಲಾಸುಗಳು. ಗಾಜಿಗೆ ಅಂಟು, ಪ್ಲಾಸ್ಟಿಕ್ ಪದರ ಕೂಡಿಕೊಂಡಿರುವುದರಿಂದ ಗುಜರಿಯವರೂ ಮುಟ್ಟುವುದಿಲ್ಲ. ಕಸದ ಚೀಲಕ್ಕೆ ಹಾಕಿದರೆ ಬೆಳಗ್ಗೆ ಅದನ್ನು ಎತ್ತುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಸದ್ಯಕ್ಕೆ ಅಳಿಯ ಅವನ್ನೆಲ್ಲ ಒಂದು ಹಳೆಯ ಬಿಸ್ಕೆಟ್ ಡಬ್ಬಿಗೆ ಹಾಕಿಡುತ್ತಿದ್ದಾನೆ. ಮೊದಲನೆಯದು ತುಂಬಿ, ಎರಡನೆಯದು ಅರ್ಧವಾಗಿದೆ.